‘ನಡೀತದ’ ಅಂದವರ ಕಾಲು

ಮೊದಲು ಬಂದದ್ದು ವಾಸನೆ.

ಎಲ್ಲೋ ಇಲಿ ಸತ್ತಿದೆ ಎಂದುಕೊಂಡೆ. ಸುರಪುರದ ನಮ್ಮ ಮನೆ ಹಳೆಯ ಕಲ್ಲಿನದು, ಗೋಡೆಯ ಸಂದಿಯಲ್ಲಿ ಇಲಿ ಸಾಯುವುದು ನಮಗೆ ಹೊಸದಲ್ಲ. ಶಾಲೆಯಿಂದ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಜೋಳದ ಡಬ್ಬಿ ಸರಿಸಿದೆ, ಅಲ್ಮಾರಿ ಎಳೆದೆ, ಮಂಚದ ಕೆಳಗೆ ಕಸಬರಿಗೆ ಹಾಕಿ ಬಳಿದೆ. ಒಂದು ಹಳೆಯ ಚಪ್ಪಲಿ ಸಿಕ್ಕಿತು, ಇಲಿ ಸಿಗಲಿಲ್ಲ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ನಮ್ಮ ಮನೆಯವರು ನನ್ನ ಒದ್ದಾಟ ನೋಡುತ್ತಾ, ಬಚ್ಚಲ ಕಡೆಯಿಂದ ಬರುತ್ತಿರಬೇಕು ಎಂದರು. ಬಚ್ಚಲಿಗೆ ಫಿನಾಯಿಲ್ ಸುರಿದೆ. ವಾಸನೆ ಅಲ್ಲಾಡಲಿಲ್ಲ. ಹಾಸಿಗೆಯನ್ನೇ ಕೊಡವೋಣವೆಂದು ಅವರ ಕಾಲ ಮೇಲಿನ ಹೊದಿಕೆ ಎಳೆದೆ.

ವಾಸನೆ ಅವರ ಕಾಲಿನದು.

ಮೊಣಕಾಲಿನ ಕೆಳಗೆ, ಆಪರೇಷನ್ನಿನ ಹೊಲಿಗೆ ಒಣಗಿ ಚಂದವಾಗಿ ಕೂಡಿಕೊಂಡಿದ್ದ ಜಾಗದಲ್ಲಿ, ಕಡಲೆ ಕಾಳಿನಷ್ಟು ತೂತು. ಅದರಿಂದ ಹಳದಿ ಕೀವು ಇಳಿದು ಲುಂಗಿಗೆ ಅಂಟಿ ಒಣಗಿತ್ತು. ನಾನು ಲುಂಗಿ ಬಿಡಿಸಿದೆ. ಅದು ಚರ್ ಎಂದು ಕಿತ್ತು ಬಂತು. ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿದೆ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡನ ಸೇವೆ ಮಾಡಿದ ಹೆಂಡತಿಯರ ಬಗ್ಗೆ ಜನ ಬರೆಯುವಾಗ ಅವರಿಗೆ ಮೂಗೇ ಇರುವುದಿಲ್ಲ. ನನಗೆ ಇದೆ. ನನಗೆ ಹೇಸಿಕೆ ಬಂತು, ಆಮೇಲೂ ಬರುತ್ತಲೇ ಇತ್ತು. ಆ ಕಾಲನ್ನು ತೊಳೆದ ಕೈಯಿಂದ ರೊಟ್ಟಿ ತಟ್ಟಲು ಮನಸ್ಸಾಗುತ್ತಿರಲಿಲ್ಲ. ಸೋಪು ಹಚ್ಚಿ ಹಚ್ಚಿ ಬೆರಳ ಚರ್ಮ ಬಿರಿಯಿತು. ಬೇಳೆ ಸಾರಿನ ಬಣ್ಣ ನೋಡಿದರೆ ಹೊಟ್ಟೆ ತೊಳಸುತ್ತಿತ್ತು. ಪ್ರೀತಿ ಇದ್ದರೆ ಇದೆಲ್ಲ ಆಗುವುದಿಲ್ಲ ಎನ್ನುವವರು ಯಾರಾದರೂ ಇದ್ದರೆ ಒಮ್ಮೆ ಬಂದು ಆ ಬಟ್ಟೆ ಒಗೆಯಬೇಕಿತ್ತು.

ನಮ್ಮ ಮನೆಯವರ ಹೆಸರು ಸಾಬಣ್ಣ. ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ. ಬೋರಿನ ಮೋಟಾರು ಸುಟ್ಟುಹೋದರೆ ರೈತರು ಅವರ ಹತ್ತಿರ ತರುತ್ತಾರೆ. ಇವರು ನೆಲದ ಮೇಲೆ ಗೋಣಿಚೀಲ ಹಾಸಿ ಕೂತು, ಮೋಟಾರನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ, ಮೇಲೆ ವಾರ್ನಿಶ್ ಹೊಯ್ದು ಒಣಗಿಸುತ್ತಾರೆ. ಸಂಜೆ ಮನೆಗೆ ಬಂದರೆ ಮೈಯೆಲ್ಲ ವಾರ್ನಿಶ್ ನಾತ. ಮದುವೆಯಾದಾಗಿನಿಂದ ಆ ನಾತಕ್ಕೆ ನಾನು ಮೂಗು ಮುರಿದಿದ್ದೇನೆ. ಬಾಗಿಲ ಹೊರಗೇ ಅಂಗಿ ಬಿಚ್ಚಿಸಿ ಒಳಗೆ ಬಿಡುತ್ತಿದ್ದೆ.

ಅವರಿಗೆ ಒಂದು ಮಾತು ಬಾಯಿಗೆ ಹತ್ತಿದೆ. ನಡೀತದ. ರೈತ ಬಂದು ಮೋಟಾರು ಮತ್ತೆ ತಿರುಗುತ್ತದೋ ಇಲ್ಲವೋ ಎಂದು ಮುಖ ಸಣ್ಣದು ಮಾಡಿದರೆ, ನಡೀತದ ತಗೋ. ನಾನು ಸಾರಿಗೆ ಉಪ್ಪು ಜಾಸ್ತಿ ಹಾಕಿದರೆ, ನಡೀತದ. ಮಗಳಿಗೆ ಸೈದಾಪುರದ ಕಡೆಯ ಸಂಬಂಧ ಬಂದಾಗ ಹುಡುಗ ಹೇಗೆ ಎಂದು ನೆಂಟರು ಕೇಳಿದರೆ, ಅದಕ್ಕೂ ನಡೀತದ. ನಮ್ಮ ಕಡೆ ಎಲ್ಲರೂ ಆಡುವ ಮಾತೇ ಇದು. ಚೆನ್ನಾಗಿದೆ ಎಂದೂ ಅಲ್ಲ, ಕೆಟ್ಟಿದೆ ಎಂದೂ ಅಲ್ಲ. ಇದ್ದದ್ದರಲ್ಲಿ ಸಾಗಲಿ, ಅದಕ್ಕಾಗಿ ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದು ಅರ್ಥ. ಆದರೆ ಇವರು ಅದನ್ನು ಆಡುವಷ್ಟು ಯಾರೂ ಆಡುವುದಿಲ್ಲ. ಅಂಗಡಿಗೆ ಜನ ಬರುತ್ತಿದ್ದದ್ದು ಅರ್ಧ ಕೆಲಸಕ್ಕೆ, ಅರ್ಧ ಈ ಮಾತಿಗೆ.

ಬಿದ್ದದ್ದು ದೋರನಹಳ್ಳಿ ಹತ್ತಿರ. ಯಾರದೋ ಮೋಟಾರು ಕೂಡಿಸಿ ವಾಪಸು ಬರುವಾಗ ರಸ್ತೆಗೆ ಕುರಿ ಹಿಂಡು ಅಡ್ಡ ಬಂತು, ಬೈಕು ಜಾರಿ ಎಡಗಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗಿನ ಎಲುಬು ಚೂರು. ಶಹಾಪುರದಲ್ಲಿ ಎಕ್ಸ್‌ರೇ ನೋಡಿದವರು, ಇದು ಇಲ್ಲಿ ಆಗುವ ಕೆಲಸವಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಮೈದುನ ಹಣಮಂತನ ಗಾಡಿಯಲ್ಲಿ ಹೋದೆವು. ಆ ಆಸ್ಪತ್ರೆಯ ಹೆಸರಾಗಲಿ ಊರಾಗಲಿ ಬರೆಯುವುದಿಲ್ಲ. ಡಾಕ್ಟರಿಕೆ ಓದುವ ಹುಡುಗ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ದೊಡ್ಡ ಡಾಕ್ಟರ ಹಿಂದೆ ಸಾಲಾಗಿ ಓಡಾಡುವ ಆಸ್ಪತ್ರೆ ಎಂದರೆ ಸಾಕು.

ಅಲ್ಲಿ ಒಂದು ಸ್ಟಡಿ ನಡೆಯುತ್ತಿತ್ತು. ನಮಗೆ ಅದನ್ನು ತಿಳಿಸಿ ಹೇಳಿದವಳು ಡಾಕ್ಟರ್ ಸುಷ್ಮಾ. ಮೈಸೂರು ಕಡೆಯ ಹುಡುಗಿ, ಮೆತ್ತಗಿನ ದನಿ, ಎಲುಬಿನ ವಿಭಾಗದಲ್ಲಿ ಪಿ.ಜಿ. ಓದುತ್ತಿದ್ದಳು. ಮುರಿದ ಎಲುಬಿಗೆ ಪ್ಲೇಟ್ ಕೂಡಿಸಲು ಎರಡು ಪದ್ಧತಿ ಇವೆಯಂತೆ. ಒಂದರಲ್ಲಿ ಕಾಲನ್ನು ಉದ್ದಕ್ಕೆ ಸೀಳಿ, ಎಲುಬನ್ನು ಕಣ್ಣಾರೆ ನೋಡಿ ಕೂಡಿಸುತ್ತಾರೆ. ಇನ್ನೊಂದರಲ್ಲಿ ಮೇಲೊಂದು ಕೆಳಗೊಂದು ಸಣ್ಣ ಗಾಯ ಮಾಡಿ, ಪ್ಲೇಟನ್ನು ಚರ್ಮದ ಕೆಳಗಿನಿಂದ ತೂರಿಸಿ ಸ್ಕ್ರೂ ಹಾಕುತ್ತಾರೆ. ಯಾವುದರಿಂದ ರೋಗಿ ಬೇಗ ನಡೆಯುತ್ತಾನೆ, ಯಾವುದರಲ್ಲಿ ಇನ್ಫೆಕ್ಷನ್ ಕಡಿಮೆ ಎಂದು ಅವಳು ಲೆಕ್ಕ ಇಡುತ್ತಿದ್ದಳು. ಯಾರಿಗೆ ಯಾವ ಪದ್ಧತಿ ಎಂಬುದು ಚೀಟಿ ಎತ್ತಿದ ಹಾಗೆ, ಡಾಕ್ಟರ ಮರ್ಜಿಯಲ್ಲ. ಒಪ್ಪಿಗೆಯೇ ಎಂದು ಕೇಳಿದಳು. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದರೂ ನಮ್ಮವರು ಹೇಳಿದ್ದು ಒಂದೇ, ನಡೀತದ.

ನಾನೂ ಒಪ್ಪಿದೆ. ಸ್ಟಡಿಯ ಬಗ್ಗೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಯಾವ ಗಾಯ ಬೇಗ ಮಾಯುತ್ತದೆ ಎಂದು ಯಾರಾದರೂ ಲೆಕ್ಕ ಇಡದಿದ್ದರೆ ಮುಂದಿನವರಿಗೆ ಗೊತ್ತಾಗುವುದು ಹೇಗೆ? ನಾನು ಪ್ರಾಥಮಿಕ ಶಾಲೆಯ ಟೀಚರು. ಎರಡು ರೀತಿ ಪಾಠ ಮಾಡಿ ಯಾವುದು ಮಕ್ಕಳ ತಲೆಗೆ ಹೋಯಿತು ಎಂದು ನಾವೂ ನೋಡುತ್ತೇವೆ.

ನಮಗೆ ಸಣ್ಣ ಗಾಯದ ಪದ್ಧತಿ ಬಂತು. ನೋಡಲು ಎಷ್ಟು ಚಂದದ ಕಾಲು! ಮೇಲೆರಡು ಹೊಲಿಗೆ, ಕೆಳಗೆರಡು ಹೊಲಿಗೆ. ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಬೆರಗಾದರು. ಮಂಡಿ ಚಿಪ್ಪಿನಿಂದ ಪಾದದ ತನಕ ಸೀಳಿಸಿಕೊಂಡಿದ್ದ ಒಬ್ಬರು ತಮ್ಮ ಧೋತ್ರ ಎತ್ತಿ, ತಮ್ಮ ಕಾಲನ್ನು ಇವರ ಕಾಲಿನ ಪಕ್ಕ ಇಟ್ಟು ಹೊಟ್ಟೆಕಿಚ್ಚು ಪಟ್ಟರು.

ಫಾಲೋಅಪ್‌ಗೆ ಕರೆದಾಗ ಫೋಟೋ ತೆಗೆದರು. ಸ್ಟಡಿಗೆ ಬೇಕಂತೆ. ಮೊದಲು ನಿಂತುಕೊಂಡು ಒಂದು. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ ಎಂದರು. ನಮ್ಮವರು ಗೋಡೆ ಹಿಡಿದು ಕೂತರು. ಎಡ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಮಡಚಿದರು. ಹಣೆಯ ಮೇಲೆ ಬೆವರು ಮುತ್ತುಗಟ್ಟಿತು. ನಗಿ ಸರ್ ಎಂದರು ಫೋಟೋ ತೆಗೆಯುವವರು. ಇವರು ನಕ್ಕರು. ಫೋಟೋ ಆದ ಮೇಲೆ ಮೇಲೇಳಲಾಗದೆ ಹಣಮಂತ ಒಂದು ರಟ್ಟೆ, ನಾನೊಂದು ರಟ್ಟೆ ಹಿಡಿದು ಎತ್ತಿದೆವು. ಅದನ್ನು ಯಾರೂ ಫೋಟೋ ತೆಗೆಯಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಕೀವು.

ಮರುದಿನವೇ ನಮ್ಮ ಓಣಿಯ ಕಾಸೀಂ ಭಾಯಿಯನ್ನು ಕರೆಸಿದೆ. ವರ್ಷಗಟ್ಟಲೆ ದವಾಖಾನೆಯಲ್ಲಿ ಡ್ರೆಸ್ಸಿಂಗ್ ಮಾಡಿ ರಿಟೈರ್ ಆದವರು. ತೂತು ನೋಡಿ, ಬದಿಯಲ್ಲಿ ಮೆತ್ತಗೆ ಒತ್ತಿದರು. ಕೀವು ಚಿಮ್ಮಿ ಅವರ ಮುಂಗೈ ಮೇಲೆ ಬಿತ್ತು. ಅವರು ಮುಖ ಸಿಂಡರಿಸಲಿಲ್ಲ, ನಾನು ಸಿಂಡರಿಸಿದೆ. ಆಪರೇಷನ್ ಮಾಡಿದಲ್ಲೇ ತೋರಿಸುವುದು ಒಳ್ಳೆಯದು ಎಂದರು ಅವರು. ನಾನೂ ಅದೇ ಹಟ ಹಿಡಿದೆ. ನಮ್ಮವರು ಕೇಳಬೇಕಲ್ಲ. ಇದೇನು ಸಣ್ಣ ಹುಣ್ಣು, ನಡೀತದ. ಶಹಾಪುರದ ಡಾಕ್ಟರು ಬರೆದುಕೊಟ್ಟ ಗುಳಿಗೆ ತಿಂದರು. ತೂತು ಮುಚ್ಚಿತು. ನೋಡು, ನಾನು ಹೇಳಲಿಲ್ಲವೇ ಎಂದು ಮೀಸೆ ತಿರುವಿದರು. ತಿಂಗಳು ತುಂಬುವುದರೊಳಗೆ ಅದೇ ಜಾಗದ ಪಕ್ಕದಲ್ಲಿ ಇನ್ನೊಂದು ತೂತು. ಅದು ಮುಚ್ಚಿದರೆ ಇದು, ಇದು ಮುಚ್ಚಿದರೆ ಅದು. ಇರುವೆ ಗೂಡಿಗೆ ಬಾಗಿಲು ಬದಲಾದ ಹಾಗೆ.

ಮನೆ ನಾರಿತು. ಊದುಬತ್ತಿ ಹಚ್ಚಿದರೆ ಊದುಬತ್ತಿಯ ವಾಸನೆಯ ಜೊತೆ ಕೀವಿನ ವಾಸನೆ ಬೆರೆತು ಮತ್ತೂ ಹೊಲಸಾಗುತ್ತಿತ್ತು. ಈಗಲೂ ಗುಡಿಯಲ್ಲಿ ಊದುಬತ್ತಿ ಹಚ್ಚಿದರೆ ನನಗೆ ಮಂಚ ನೆನಪಾಗುತ್ತದೆ. ಮಾತಾಡಿಸಲು ಬಂದವರು ಹೊಸ್ತಿಲ ಮೇಲೇ ನಿಂತು, ಕೆಲಸವಿದೆ ಎಂದು ಹೊರಟುಬಿಡುತ್ತಿದ್ದರು. ಹಾಗೆ ಹೊರಟವರಿಗೂ ಒಳಗಿನಿಂದ ಇವರ ಕೂಗು, ಆರಾಮ ಅದೀನಿ, ನಡೀತದ. ನನಗೆ ಮೈ ಉರಿಯುತ್ತಿತ್ತು.

ಇದರ ನಡುವೆ ಡಾಕ್ಟರ್ ಸುಷ್ಮಾಳ ಫೋನು ಬರುತ್ತಿತ್ತು. ನಾನು ಶಾಲೆಯಲ್ಲಿದ್ದಾಗ ಬಂದವು ಕೆಲವು. ಒಂದು ಭಾನುವಾರ ನಾನು ಮನೆಯಲ್ಲೇ ಇದ್ದೆ, ಬಕೆಟ್ಟಿನಲ್ಲಿ ಅವರ ಬ್ಯಾಂಡೇಜ್ ಬಟ್ಟೆ ನೆನೆಹಾಕುತ್ತಿದ್ದೆ. ಫೋನು ಸ್ಪೀಕರ್ ಮೇಲಿತ್ತು.

“ನಮಸ್ಕಾರ ಸರ್. ಕಾಲು ಹೇಗಿದೆ? ಈಗ ನಡೆಯುತ್ತಾ?”

“ನಡೀತದ್ರಿ.”

“ನೋವು ಏನಾದ್ರೂ ಇದೆಯಾ?”

“ಇರೋದೇ ಬಿಡ್ರಿ. ನಡೀತದ. ನೀವು ಆರಾಮ ಅದೀರಿ?”

ಅವಳು ನಕ್ಕು, ಆರಾಮ ಸರ್ ಎಂದು ನಮ್ಮ ಭಾಷೆಯಲ್ಲೇ ಹೇಳಲು ಪ್ರಯತ್ನಿಸಿ ಫೋನಿಟ್ಟಳು. ಒಳ್ಳೆಯ ಹುಡುಗಿ ಎಂದರು ಇವರು. ಕೀವಿನ ವಿಷಯ ಯಾಕೆ ಹೇಳಲಿಲ್ಲ ಎಂದು ನಾನು ರೇಗಿದೆ. ಪಾಪ, ಅಷ್ಟು ದೂರದಿಂದ ವಿಚಾರಿಸುತ್ತಾಳೆ, ನಮ್ಮ ಹೊಲಸನ್ನೆಲ್ಲ ಆ ಹುಡುಗಿಯ ಕಿವಿಗೆ ಹಾಕಬೇಕೇ ಎಂದರು. ಆ ಫೋನು ಕ್ಷೇಮ ಸಮಾಚಾರಕ್ಕೆ ಬಂದದ್ದು ಎಂದೇ ನಾವಿಬ್ಬರೂ ತಿಳಿದಿದ್ದೆವು. ಆ ಕಡೆ ಅವಳು ಪರೀಕ್ಷೆ ನಡೆಸುತ್ತಿದ್ದಾಳೆ, ಇವರ ಒಂದೊಂದು ಮಾತಿಗೂ ಅಂಕ ಬೀಳುತ್ತಿದೆ ಎಂದು ಯಾರಿಗೆ ಗೊತ್ತಿತ್ತು?

ಆಮೇಲೆ ಜ್ವರ ಬಂತು. ಚಳಿ ಹತ್ತಿ ಮಂಚ ಅಲ್ಲಾಡುವಂಥ ಜ್ವರ. ಬೆಳಿಗ್ಗೆ ಡ್ರೆಸ್ಸಿಂಗ್ ಬಿಚ್ಚಿದ ಕಾಸೀಂ ಭಾಯಿ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟರು. ನಾನು ಬಗ್ಗಿ ನೋಡಿದೆ. ಎರಡು ತೂತು ಸೇರಿ ಒಂದಾಗಿದ್ದವು. ಸುತ್ತಲಿನ ಚರ್ಮ ಕಪ್ಪಾಗಿತ್ತು.

ಒಳಗೆ ಪ್ಲೇಟ್ ಹೊಳೆಯುತ್ತಿತ್ತು.

ಮನುಷ್ಯನ ಮೈಯೊಳಗೆ ಕಬ್ಬಿಣ ಹೊಳೆಯುವುದನ್ನು ನೀವು ನೋಡಿರಲಿಕ್ಕಿಲ್ಲ. ತೊಳೆದಿಟ್ಟ ಚಮಚದ ಹಾಗೆ ಸ್ವಚ್ಛವಾಗಿತ್ತು ಅದು. ಸುತ್ತಲೂ ಅಷ್ಟು ಕೊಳೆತಿದ್ದರೂ ಅದೊಂದಕ್ಕೆ ಏನೂ ಆಗಿರಲಿಲ್ಲ. ಕಾಸೀಂ ಭಾಯಿ ನನ್ನ ಕಡೆ ತಿರುಗಿ, “ಅಕ್ಕೋರ, ಇನ್ನ ಇವರ ಮಾತು ಕೇಳಬ್ಯಾಡ್ರಿ” ಎಂದರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಹಣಮಂತನಿಗೆ ಫೋನು ಹಚ್ಚಿದೆ. ಇವರನ್ನು ಕೇಳಲಿಲ್ಲ.

ಆಸ್ಪತ್ರೆಯ ಎಲುಬಿನ ವಿಭಾಗದ ಕಾರಿಡಾರಿನಲ್ಲಿ ಗಾಲಿ ಕುರ್ಚಿಯ ಮೇಲೆ ಇವರನ್ನು ಕೂರಿಸಿ ಕಾಯುತ್ತಿದ್ದೆವು. ಪಕ್ಕದ ಬೆಂಚಿನವರು ಮೂಗಿಗೆ ಸೆರಗು ಹಿಡಿದು ಎದ್ದುಹೋದರು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಎದುರಿನ ಗೋಡೆ ನೋಡಿದೆ. ಅಲ್ಲಿ ದೊಡ್ಡ ದೊಡ್ಡ ಪೋಸ್ಟರುಗಳು. ಆಸ್ಪತ್ರೆಯಲ್ಲಿ ನಡೆದ ಸಂಶೋಧನೆಗಳ ಪೋಸ್ಟರುಗಳಂತೆ, ಯಾವುದೋ ಡಾಕ್ಟರುಗಳ ಸಮ್ಮೇಳನದಲ್ಲಿ ತೋರಿಸಿ ತಂದು ಇಲ್ಲಿ ಅಂಟಿಸಿದ್ದರು. ಒಂದರಲ್ಲಿ ಎಕ್ಸ್‌ರೇ ಇತ್ತು, ಮುರಿದದ್ದೊಂದು, ಕೂಡಿದ್ದೊಂದು. ಕೆಳಗೆ ಒಬ್ಬ ಮನುಷ್ಯ ನಿಂತ ಫೋಟೋ, ಅವನೇ ಚಕ್ಕಳಮಕ್ಕಳ ಹಾಕಿ ಕೂತ ಫೋಟೋ. ಮುಖಕ್ಕೆ ಕಪ್ಪು ಪಟ್ಟಿ. ಕಾಲು ಮಾತ್ರ ಬರಿದು.

ಆ ಎಡಗಾಲಿನ ಮೇಲೆ, ಕಣಕಾಲಿನ ಹತ್ತಿರ, ಸುಟ್ಟ ಕಲೆ. ಅಂಗಡಿಯಲ್ಲಿ ಕಾದ ವಾರ್ನಿಶ್ ಬಿದ್ದು ಆದ ಕಲೆ. ಅದಕ್ಕೆ ನಾನೇ ಮುಲಾಮು ಹಚ್ಚಿದ್ದೆ.

ಎದ್ದು ಹತ್ತಿರ ಹೋದೆ. ಪೋಸ್ಟರು ಇಂಗ್ಲಿಷಿನಲ್ಲಿತ್ತು. ಅಷ್ಟು ಇಂಗ್ಲಿಷ್ ನನಗೆ ಓದಲು ಬರುತ್ತದೆ. ಸಣ್ಣ ಗಾಯದ ಪದ್ಧತಿ, ರೋಗಿ ಆಧಾರವಿಲ್ಲದೆ ನಡೆಯುತ್ತಾನೆ, ನೆಲದ ಮೇಲೆ ಕೂರುತ್ತಾನೆ. ಫಲಿತಾಂಶ: ಎಕ್ಸಲೆಂಟ್.

ಗೋಡೆಯ ಮೇಲೆ ಎಕ್ಸಲೆಂಟ್ ಕಾಲು. ಗಾಲಿ ಕುರ್ಚಿಯ ಮೇಲೆ ನಾರುವ ಕಾಲು. ಎರಡೂ ಒಂದೇ. ಆ ದಿನಗಳಲ್ಲಿ ಕೀವು ನೋಡಿ ನನಗೆ ಎಷ್ಟು ಹೇಸಿಕೆ ಬಂದಿತ್ತೋ, ಆ ಮಿರಿಮಿರಿ ಮಿಂಚುವ ಕಾಗದ ನೋಡಿ ಅದಕ್ಕಿಂತ ಜಾಸ್ತಿ ಬಂತು. ಕೀವಿಗೆ ಕಡೇ ಪಕ್ಷ ಸುಳ್ಳು ಹೇಳಲು ಬರುವುದಿಲ್ಲ. ನಗಿ ಸರ್ ಎಂದಿದ್ದರಲ್ಲ, ಆ ನಗುವಿನ ಮೇಲೆ ಕಪ್ಪು ಪಟ್ಟಿ ಹೊಡೆದಿದ್ದರು.

ಡಾಕ್ಟರ್ ಸುಷ್ಮಾ ಓಡುತ್ತಲೇ ಬಂದಳು. ಕಾಲು ನೋಡಿ ಅವಳ ಮುಖ ಬಿಳುಚಿತು. ಯಾವಾಗಿನಿಂದ ಹೀಗೆ, ಯಾಕೆ ಹೇಳಲಿಲ್ಲ ಎಂದಳು. ನಾನು ಪೋಸ್ಟರಿಗೆ ಬೆರಳು ತೋರಿಸಿದೆ.

“ಇದಕ್ಕ ಎಕ್ಸಲೆಂಟ್ ಅಂತ ಯಾರು ಬರದಾರ್ರಿ ಮೇಡಂ?”

“ನಾನೇ ಬರೆದದ್ದು. ಸರ್ ಅವರೇ ಹೇಳಿದ್ದಲ್ವಾ? ಪ್ರತಿ ಸಲ ಕೇಳಿದಾಗಲೂ ನಡೆಯುತ್ತೆ ಅಂದರು.”

ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ನಡೀತದ. ಅವಳು ನಡೆಯುತ್ತಾ ಎಂದು ಕೇಳಿದ್ದಾಳೆ, ಇವರು ನಡೀತದ ಎಂದಿದ್ದಾರೆ. ಅವಳು ಕೇಳಿದ್ದು ಕಾಲು ನೆಲಕ್ಕೆ ಊರಿ ಹೆಜ್ಜೆ ಇಡುತ್ತದೆಯೇ ಎಂದು. ಇವರು ಹೇಳಿದ್ದು ಹೇಗೋ ಸಾಗುತ್ತದೆ, ನೀವು ಚಿಂತೆ ಮಾಡಬೇಡಿ ಎಂದು. ಮನುಷ್ಯ ನೆಟ್ಟಗೆ ಒಂದು ಹೆಜ್ಜೆ ಇಟ್ಟಿರಲಿಲ್ಲ, ಅಲ್ಲಿ ಬರೆಯುವಾಗ ಆಧಾರವಿಲ್ಲದೆ ನಡೆಯುತ್ತಿದ್ದ. ಅವಳ ಮೇಲೆ ಕೂಗಾಡಬೇಕೆಂದು ಬಾಯಿ ತೆಗೆದವಳಿಗೆ ಯಾರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ. ಆದರೂ ಕೂಗಾಡಿದೆ. ಉತ್ತರ ಪತ್ರಿಕೆ ಬಿಚ್ಚದೆ ಯಾರಾದರೂ ಮಾರ್ಕ್ಸ್ ಹಾಕುತ್ತಾರೇನು ಎಂದು ಕೇಳಿದೆ. ಫೋನಿನಲ್ಲಿ ಕೀವಿನ ವಾಸನೆ ಬರುತ್ತದೇನು ಎಂದು ಕೇಳಿದೆ. ನನ್ನ ದನಿ ಕಾರಿಡಾರಿನ ಕೊನೆತನಕ ಹೋಗಿರಬೇಕು. ಹಣಮಂತ ನನ್ನ ತೋಳು ಹಿಡಿದು ಕೂರಿಸಿದ.

ದೊಡ್ಡ ಡಾಕ್ಟರು ಬಂದರು. ವಯಸ್ಸಾದವರು, ಸಾವಿರಾರು ಕಾಲು ನೋಡಿದವರ ಗತ್ತು. ಯಾವ ಪದ್ಧತಿಯಲ್ಲಾದರೂ ಅಲ್ಲೊಂದು ಇಲ್ಲೊಂದು ಹೀಗಾಗುತ್ತದಮ್ಮ, ಒಟ್ಟು ಲೆಕ್ಕ ನೋಡಿದರೆ ಒಳ್ಳೆಯದೇ ಇದೆ ಎಂದರು. ಇರಬಹುದು. ಒಟ್ಟು ಲೆಕ್ಕ ನನ್ನ ಮನೆಯ ಮಂಚದ ಮೇಲೆ ಮಲಗುವುದಿಲ್ಲ. ಮಲಗುವುದು ಅಲ್ಲೊಂದು ಇಲ್ಲೊಂದು ಎಂದರಲ್ಲ, ಆ ಒಂದು.

ಒಳಗೆ ಕರೆದುಕೊಂಡು ಹೋಗಿ ಅವರು ವಿಷಯ ಬಿಡಿಸಿ ಹೇಳಿದರು. ಕೀವು ಎಲುಬಿಗೆ ಇಳಿದಿದೆ. ಪ್ಲೇಟ್ ತೆಗೆಯಬೇಕು, ಕೊಳೆತ ಎಲುಬು ಕೆರೆಯಬೇಕು, ಹೊರಗಿನಿಂದ ರಾಡು ರಿಂಗು ಹಾಕಿ ಕಾಲು ಹಿಡಿದು ನಿಲ್ಲಿಸಬೇಕು. ತೆರೆದು ನೋಡಿದಾಗ ಅದೂ ಆಗದಷ್ಟು ಕೆಟ್ಟಿದ್ದರೆ, ನಂಜು ರಕ್ತಕ್ಕೆ ಏರುವ ಮೊದಲು ಮೊಣಕಾಲಿನ ಮೇಲೆ ತೆಗೆಯಬೇಕಾಗಬಹುದು.

ಕಾಲು ತೆಗೆಯಬೇಕಾಗಬಹುದು.

ಡಾಕ್ಟರ್ ಸುಷ್ಮಾ ಕನ್ಸೆಂಟ್ ಕಾಗದ ಹಿಡಿದು ಇವರ ಪಕ್ಕ ಬಂದಳು. ಕಾಗದದ ಮೂಲೆಯನ್ನು ಮಡಚುತ್ತಾ ಬಿಚ್ಚುತ್ತಾ ಇದ್ದಳು. ಹಾಗೇನಾದರೂ ಆದರೆ ನಿಮ್ಮ ಒಪ್ಪಿಗೆ ಬೇಕು ಸರ್ ಎಂದಳು. ಜ್ವರದಲ್ಲಿ ಕಣ್ಣು ಕೆಂಪಾಗಿದ್ದ ನಮ್ಮವರು ಅವಳ ಮುಖ ನೋಡಿದರು. ಆ ಹುಡುಗಿ ಹೆದರಿದ್ದಾಳೆ ಎಂದು ಅವರಿಗೆ ಕಂಡಿತು. ಅವಳನ್ನು ಸಮಾಧಾನ ಮಾಡಬೇಕೆನಿಸಿತೇನೋ.

“ನಡೀತದ್ರಿ ಮೇಡಂ” ಎಂದರು.

ನಾನು ಕಾಗದ ಕಸಿದುಕೊಂಡೆ.

“ನಡ್ಯಂಗಿಲ್ಲ” ಎಂದೆ. “ನಡ್ಯಂಗಿಲ್ರೀ. ನನಗ ನಡ್ಯಂಗಿಲ್ಲ. ಕಾಲ ಇಲ್ದ ಮೋಟರ್ ಎಲ್ಲಿಡ್ತೀರಿ? ಒಮ್ಮೆರ ಖರೇ ಹೇಳ್ರಿ.”

ಅವರು ನನ್ನನ್ನು ನೋಡಿದರು, ಆಮೇಲೆ ತಮ್ಮ ಕಾಲು ನೋಡಿದರು. ಅಷ್ಟು ದಿನ ಅದನ್ನು ತೊಳೆದದ್ದು ನಾನು, ಕಟ್ಟಿದ್ದು ಕಾಸೀಂ ಭಾಯಿ. ಡ್ರೆಸ್ಸಿಂಗ್ ಹೊತ್ತಿನಲ್ಲಿ ಅವರು ಯಾವಾಗಲೂ ಕಿಟಕಿ ಕಡೆ ತಿರುಗಿಕೊಳ್ಳುತ್ತಿದ್ದರು. ಅವತ್ತು ಮೊದಲ ಸಲ ನೋಡಿದರೆಂದು ಕಾಣುತ್ತದೆ. ಗಂಟಲಿನಿಂದ ಒಂದು ದನಿ ಬಂತು, ನಾನು ಕೇಳಿರದ ದನಿ.

“ಅಂಜಿಕಿ ಬರಾಕತ್ತದ” ಎಂದರು. “ಭಾಳ ನೋಸ್ತದ. ಮೊದ್ಲಿಂದಲೂ ನೋಸ್ತದ.”

ಅತ್ತರು. ಮದುವೆಯಾದಾಗಿನಿಂದ ನಾನು ನೋಡಿರದ ಅಳು. ಡಾಕ್ಟರ್ ಸುಷ್ಮಾ ಗಾಲಿ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮೊದಲ ಆಪರೇಷನ್ನಿನಿಂದ ಹಿಡಿದು ಏನೇನಾಯಿತು ಎಂದು ಕೇಳಿದಳು. ಇವರು ಹೇಳಿದರು. ಫೋಟೋದ ದಿನ ಮೊಣಕಾಲೊಳಗೆ ಏನೋ ಕಡಿದ ಹಾಗಾದದ್ದು, ರಾತ್ರಿಯೆಲ್ಲ ಹಲ್ಲು ಕಚ್ಚಿ ಮಲಗಿದ್ದು, ಬಚ್ಚಲಿಗೆ ಕುಂಡಿ ಎಳೆದುಕೊಂಡು ಹೋದದ್ದು. ಎಷ್ಟೋ ಸಂಗತಿ ನನಗೂ ಹೊಸದು. ಒಂದೇ ಸೂರಿನ ಕೆಳಗಿದ್ದ ನನಗೇ ಈ ಮನುಷ್ಯ ನಡೀತದ ಎಂದು ಹೇಳಿ ದಾಟಿಸಿದ್ದರು. ಸಾವಿರ ಸಲ ಕೇಳಿದ ಮಾತು, ಅದರ ಕೆಳಗೆ ಏನಿದೆ ಎಂದು ನಾನೂ ಎತ್ತಿ ನೋಡಿರಲಿಲ್ಲ, ಹೊದಿಕೆ ಎಳೆಯುವ ತನಕ.

ಕಾಲು ಉಳಿಯಿತು.

ಅರ್ಧ ದಿನದ ಆಪರೇಷನ್ ಮುಗಿಸಿ ಹೊರಗೆ ಬಂದ ದೊಡ್ಡ ಡಾಕ್ಟರು, ಸದ್ಯಕ್ಕೆ ಉಳಿದಿದೆ ಎಂದರು. ಆ ‘ಸದ್ಯಕ್ಕೆ’ಯನ್ನು ನಾನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದೆ. ಮುಂದಿನ ತಿಂಗಳುಗಳ ಕಥೆ ಹೇಳಿದರೆ ಯಾರಿಗೂ ಊಟ ಸೇರುವುದಿಲ್ಲ. ಕಾಲಿನ ಸುತ್ತ ಬಳೆಯಂಥ ಕಬ್ಬಿಣದ ರಿಂಗುಗಳು, ಚರ್ಮ ತೂರಿ ಎಲುಬಿಗೆ ಹೋದ ತಂತಿಗಳು. ಪ್ರತಿ ತಂತಿಯ ಬುಡದಲ್ಲಿ ಜಿನುಗು, ಅದರ ಮೇಲೆ ಒಣಗಿದ ಹಕ್ಕಳೆ. ಅದನ್ನು ಸಲೈನ್ ಹಾಕಿ ಒಂದೊಂದೇ ಬಿಡಿಸಿ ಒರೆಸಬೇಕು. ತಾಮ್ರದ ತಂತಿ ಸುತ್ತುತ್ತಿದ್ದ ಮನುಷ್ಯ ಈಗ ತಾನೇ ತಂತಿಯಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಓಣಿಯ ಹೆಂಗಸರು ತಮಾಷೆ ಮಾಡಿದರು. ನನಗೂ ನಗು ಬಂತು. ಹೇಸಿಕೆಯೂ ಬರುತ್ತಿತ್ತು, ಕಡಿಮೆಯಾಗಲೇ ಇಲ್ಲ. ಒಂದು ದಿನ ಒರೆಸುತ್ತಾ ಒರೆಸುತ್ತಾ ನನಗೆ ಓಕರಿಕೆ ಬಂದಾಗ, ನಿನಗ ಹೇಸಿಗಿ ಆಗ್ತದಲ್ಲ ಎಂದು ಕೇಳಿದರು. ಆಗ್ತದ ಎಂದೆ. ಅವರಿಗೆ ಬೇಜಾರಾಗಲಿಲ್ಲ. ನನಗೂ ಆಗ್ತದ ಎಂದರು. ಆಮೇಲಿಂದ ಕಿಟಕಿ ಕಡೆ ತಿರುಗುವುದನ್ನು ಬಿಟ್ಟು, ಬಟ್ಟಲು ಹಿಡಿದುಕೊಂಡು ಕೂರುತ್ತಿದ್ದರು.

ಒಮ್ಮೆ ಚೆಕಪ್‌ಗೆ ಹೋದಾಗ ಗೋಡೆಯ ಮೇಲೆ ಆ ಪೋಸ್ಟರು ಇರಲಿಲ್ಲ. ನಾಲ್ಕು ಮೂಲೆಯ ಟೇಪಿನ ಗುರುತು ಮಾತ್ರ ಇತ್ತು. ಡಾಕ್ಟರ್ ಸುಷ್ಮಾ ನನ್ನನ್ನು ಬದಿಗೆ ಕರೆದು, ತನ್ನ ಲೆಕ್ಕದಲ್ಲಿ ಇವರ ಫಲಿತಾಂಶವನ್ನು ತಿದ್ದಿದ್ದಾಗಿ ಹೇಳಿದಳು. ಎಕ್ಸಲೆಂಟ್ ಹೋಗಿ ಪೂರ್ ಆಗಿತ್ತು. ದೊಡ್ಡ ಡಾಕ್ಟರಿಗೆ ಅದು ಅಷ್ಟಾಗಿ ಹಿಡಿಸಿಲ್ಲ ಎಂದು ಅವಳು ಹೇಳಲಿಲ್ಲ, ಅವಳ ಮುಖ ಹೇಳಿತು. ಫೋನಿನಲ್ಲಿ ಕೇಳಿ ಬರೆದಿದ್ದ ಉಳಿದವರನ್ನೂ ಒಬ್ಬೊಬ್ಬರನ್ನಾಗಿ ಕರೆಸಿ ಕಾಲು ನೋಡುತ್ತಿದ್ದಾಳಂತೆ. ಇಷ್ಟು ವರ್ಷ ಮಕ್ಕಳಿಗೆ ಮಾರ್ಕ್ಸ್ ಹಾಕಿದ್ದೇನೆ. ನಪಾಸಾಗಿದ್ದಕ್ಕೆ ನನಗೆ ಸಂತೋಷವಾದದ್ದು ಅದೊಂದೇ ಸಲ. ಆದರೂ ಆಸ್ಪತ್ರೆಯಿಂದ ಹೊರಗೆ ಬರುವಾಗ ಬೇರೆ ಪೋಸ್ಟರುಗಳಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಕಪ್ಪು ಪಟ್ಟಿಯವರ ಮುಂದೆ ನಿಂತುಬಿಟ್ಟೆ. ಅವರನ್ನು ಎಷ್ಟು ಜನ ಹಿಡಿದು ಎತ್ತಿದ್ದರೋ.

ಈಗ ರಿಂಗು ತೆಗೆದಿದ್ದಾರೆ. ಎಡಗಾಲು ಗಿಡ್ಡವಾಗಿದೆ, ಮೊಣಕಾಲು ಪೂರ್ತಿ ಮಡಚುವುದಿಲ್ಲ. ನೆಲದ ಮೇಲೆ ಕೂರಲು ಇನ್ನು ಆಗುವುದೇ ಇಲ್ಲ ಎಂದಿದ್ದಾರೆ. ಕೀವು ಮತ್ತೆ ಬರುವುದಿಲ್ಲವೆಂದು ಯಾರೂ ಭರವಸೆ ಕೊಟ್ಟಿಲ್ಲ. ಎಲುಬಿಗೆ ಇಳಿದ ಕೀವು ವರ್ಷಗಳ ಮೇಲೂ ತಲೆ ಎತ್ತಬಹುದಂತೆ. ಶಾಲೆಯಿಂದ ಬಂದು ಬಾಗಿಲು ತೆಗೆದರೆ ನಾನು ಮೊದಲು ಮಾಡುವ ಕೆಲಸ ಮೂಸುವುದು. ಚಪ್ಪಲಿ ಬಿಡುವುದು ಆಮೇಲೆ.

ಮೊನ್ನೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದೆ. ಬಾಗಿಲು ತೆಗೆಯುತ್ತಲೇ ವಾಸನೆ ಬಂತು. ಚಪ್ಪಲಿ ಸಮೇತ ಓಡಿದೆ. ಒಳಗೆ ಹೋದರೆ ಇವರು ಮಂಚದ ತುದಿಗೆ ಕಾಲು ಇಳಿಬಿಟ್ಟು ಕೂತಿದ್ದಾರೆ, ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಯಾರದೋ ಫ್ಯಾನಿನ ಮೋಟಾರು. ಹಣಮಂತ ಅಂಗಡಿಯಿಂದ ತಂದುಕೊಟ್ಟಿದ್ದನಂತೆ. ತಂತಿ ಸುತ್ತಿ ಮುಗಿಸಿ ವಾರ್ನಿಶ್ ಹೊಯ್ಯುತ್ತಿದ್ದರು. ಹಾಸಿಗೆಯ ಮೇಲೆಲ್ಲ ಹನಿ.

ನಾನು ಬಾಯಿ ತೆಗೆಯುವಷ್ಟರಲ್ಲಿ ಫೋನು ಬಂತು. ಡಾಕ್ಟರ್ ಸುಷ್ಮಾ. ಇವರ ಕೈ ವಾರ್ನಿಶ್ ಆಗಿದ್ದರಿಂದ ನಾನೇ ಸ್ಪೀಕರ್ ಹಾಕಿ ಹಿಡಿದೆ. ಅವಳ ಪ್ರಶ್ನೆ ಬೇರೆಯಾಗಿತ್ತು.

“ಸರ್, ಮಂಚದಿಂದ ಎದ್ದು ಎಲ್ಲಿ ತನಕ ಹೋಗ್ತೀರಾ?”

ಅವರು ಬಾಯಿ ತೆರೆದರು. ತುಟಿಗೆ ಬಂದ ಮಾತು ಯಾವುದೆಂದು ನನಗೆ ಕಾಣುತ್ತಿತ್ತು. ನನ್ನನ್ನು ನೋಡಿ ಅದನ್ನು ನುಂಗಿದರು.

“ಬಚ್ಚಲ ತನಕ ಹೋಗ್ತೀನ್ರಿ, ಬಡಿಗಿ ಹಿಡಕೊಂಡು. ತಿರುಗಿ ಬರುವಾಗ ಈಕಿ ಕೈ ಹಿಡೀಬೇಕು. ಸಂಜಿಗಿ ನೋಸ್ತದ. ಕೀವು ಇಲ್ಲ.”

ಆ ಕಡೆ ಅವಳು ಬರೆದುಕೊಳ್ಳುವ ಸದ್ದು ಕೇಳಿತು. ನಿಧಾನವಾಗಿ ಬರೆದುಕೊಂಡಳು. ಥ್ಯಾಂಕ್ಸ್ ಸರ್ ಎಂದಳು, ಥ್ಯಾಂಕ್ಸ್ ಮೇಡಂ ಎಂದಳು. ನಾನೂ ಹೇಳಿದೆ. ಕಾಲು ಉಳಿಸಿದ ಕೈಗಳಲ್ಲಿ ಅವಳದೂ ಒಂದು, ಅದನ್ನು ನಾನು ಮರೆತಿಲ್ಲ.

ಫೋನಿಟ್ಟ ಮೇಲೆ ಇವರು ಹಾಸಿಗೆಯ ಮೇಲಿನ ಹನಿಗಳನ್ನು ನೋಡಿದರು, ಬಯ್ಯಿಸಿಕೊಳ್ಳಲು ತಯಾರಾದವರ ಹಾಗೆ.

“ವಾರ್ನಿಶ್ ಭಾಳ ನಾರಾಕತ್ತದೇನು?”

ನಾರುತ್ತಿತ್ತು. ಮನೆಯ ತುಂಬ, ಹೊದಿಕೆಯಲ್ಲಿ, ಅವರ ಕೂದಲಲ್ಲಿ. ನಾನು ಮಂಚದ ಮೇಲೆ ಕೂತು ಮೂಗಿನ ತುಂಬ ಎಳೆದುಕೊಂಡೆ.

“ನಾರಾಕತ್ತದ” ಎಂದೆ. “ನಡೀತದ.”